ಅಡಿಕೆಗೆ ಬೀಳುವ ಹುಳು, ಬೀಳದ ಹುಳು

ಜೂನ್‌ನಲ್ಲಿ ಮಳೆ ಹಿಡಿದರೆ ಕೊಡಗಿನ ಗದ್ದೆ ಬಯಲು ಮೂರ್ನಾಲ್ಕು ತಿಂಗಳು ಒಣಗುವುದಿಲ್ಲ. ದನ, ಆಡುಗಳ ಹೊಟ್ಟೆಹುಳುವಿಗೆ ಇದೇ ಸುಗ್ಗಿ. ಸಗಣಿ, ಹಿಕ್ಕೆಯಲ್ಲಿ ಬಿದ್ದ ಮೊಟ್ಟೆ ಒಡೆದು ಮರಿಹುಳು ಹೊರಬರುತ್ತದೆ, ಒದ್ದೆ ಹುಲ್ಲನ್ನು ಹತ್ತುತ್ತದೆ. ಆಗ ಅಡಿಕೆ, ಪಪ್ಪಾಯಿ ಬೀಜ, ಮುತ್ತುಗದ ಬೀಜದ ಮಾತು ಬರುತ್ತದೆ. ನಾಟಿ ಔಷಧಿ, ಸೈಡ್ ಎಫೆಕ್ಟ್ ಇಲ್ಲ ಅಂತಾರೆ. ಔಷಧಿ ಅನ್ನೋದು ಸುಳ್ಳಲ್ಲ. ಸೈಡ್ ಎಫೆಕ್ಟ್ ಇಲ್ಲ ಅನ್ನೋದು ಸುಳ್ಳು.

ಅಡಿಕೆಯನ್ನೇ ನೋಡಿ. ಅದರಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಲಾಡಿಹುಳುವಿನ ಕೈಕಾಲು ಕಟ್ಟುತ್ತದೆ (ಹುಳುವಿಗೆ ಕೈಕಾಲು ಎಲ್ಲಿ ಅನ್ನಬೇಡಿ). ಕರುಳಿನ ಮೇಲಿನ ಹಿಡಿತ ಸಡಿಲವಾಗುತ್ತದೆ. ಅದೇ ಹೊತ್ತಿಗೆ ಪ್ರಾಣಿಯ ಕರುಳೂ ಜೋರಾಗಿ ಹಿಂಡಿ, ಭೇದಿಯ ಜೊತೆ ಹುಳು ಹೊರಬೀಳುತ್ತದೆ. ಆದರೆ ಸಾಯುವುದಿಲ್ಲ. ಬೇಗ ಬೀಳದಿದ್ದರೆ ಚೇತರಿಸಿಕೊಂಡು ಮತ್ತೆ ಅಂಟಿಕೊಳ್ಳಬಹುದು. ನಾಯಿಗಳ ಲಾಡಿಹುಳುವಿಗೆ ಪಶುವೈದ್ಯರೇ ಅರೆಕೋಲಿನ್ ಬಳಸುತ್ತಿದ್ದರು. ಜೊಲ್ಲು, ವಾಂತಿ, ಹೊಟ್ಟೆನೋವು ಜಾಸ್ತಿ. 1970ರ ದಶಕದಲ್ಲಿ ಪ್ರಾಜಿಕ್ವಾಂಟೆಲ್ ಎಂಬ ಲಾಡಿಹುಳು ಮದ್ದು ಬಂದ ಮೇಲೆ ಅದು ಮೂಲೆ ಸೇರಿತು. ಹುಳು ಕೆಡವುವುದೂ ಪ್ರಾಣಿಯನ್ನು ಕಾಡುವುದೂ ಒಂದೇ ಅಣು. ಹಾಗಾಗಿ ಪ್ರಮಾಣವೇ ಮುಖ್ಯ. ಹಸಿ ಅಡಿಕೆಯ ಸತ್ವ ಬೇರೆ, ಬೇಯಿಸಿದ್ದರದ್ದು ಬೇರೆ. ಒಂದು ಹಿಡಿ ಕೊಡಿ ಅಂದರೆ ಯಾರ ಹಿಡಿ?

ಇನ್ನು ಆಡು, ಕುರಿಗಳ ದೊಡ್ಡ ಶತ್ರು ಲಾಡಿಹುಳುವಲ್ಲ, ಹೀಮಾಂಕಸ್. ನಾಲ್ಕನೇ ಹೊಟ್ಟೆಯಲ್ಲಿ ಕೂತು ರಕ್ತ ಹೀರುವ ದಾರದಂಥ ಹುಳು. ಒಂದೊಂದೂ ದಿನಕ್ಕೆ ಸುಮಾರು 0.05 ಮಿಲಿಲೀಟರ್ ಹೀರುತ್ತದೆ. ಸಾವಿರ ಹುಳುವಿದ್ದರೆ 50 ಮಿಲಿಲೀಟರ್! ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಚಿಕೊಂಡಿರುತ್ತದೆ. ಈ ಬಣ್ಣವನ್ನು 1ರಿಂದ 5ರವರೆಗೆ ಅಳೆಯುವ ಫಮಾಚಾ ಪಟ್ಟಿಯನ್ನು ದಕ್ಷಿಣ ಆಫ್ರಿಕಾದಲ್ಲಿ ರೂಪಿಸಿದರು. ಇಲ್ಲಿ ನನಗೆ ಭೇದಿ ಮಾಡಿಸುವ ಕಷಾಯಕ್ಕಿಂತ ಟ್ಯಾನಿನ್ (ಒಗರಿನ ಅಂಶ) ಇರುವ ಸೊಪ್ಪಿನ ಮೇಲೆ ನಂಬಿಕೆ ಜಾಸ್ತಿ. ಹಲಸಿನ ಸೊಪ್ಪಿನಲ್ಲೂ ಟ್ಯಾನಿನ್ ಇದೆ. ಟ್ಯಾನಿನ್ ಮೇವು ಹುಳುವಿನ ಮೊಟ್ಟೆ ಕಡಿಮೆ ಮಾಡಬಲ್ಲದು, ಆದರೆ ಬಿಳಚಿದ ಆಡನ್ನು ಉಳಿಸಲು ಅದೊಂದೇ ಸಾಲದು. ಅತಿಯಾದರೆ ಜೀರ್ಣವೂ ಕೆಡುತ್ತದೆ.

ಗದ್ದೆಯ ಬಸವನಹುಳುವಿನಲ್ಲಿ ಬೆಳೆದು ದನದ ಪಿತ್ತನಾಳ ಸೇರುವ ಲಿವರ್ ಫ್ಲೂಕ್ ಎಂಬ ಚಪ್ಪಟೆ ಹುಳುವಿಗೆ ಅಡಿಕೆ ನೆಚ್ಚಿಕೊಳ್ಳಬೇಡಿ. ಅದಕ್ಕೆ ಪಶುವೈದ್ಯರೇ ಬೇಕು.

ಯಾವುದೇ ಕಷಾಯ ಕೊಡುವ ಮುನ್ನ ಒಮ್ಮೆ, ಎರಡು ವಾರದ ಬಳಿಕ ಮತ್ತೊಮ್ಮೆ ಸಗಣಿ ಪರೀಕ್ಷೆ ಮಾಡಿಸಿ. ಮೊಟ್ಟೆಗಳ ಲೆಕ್ಕ ಇಳಿದಿಲ್ಲವೆಂದರೆ ಮದ್ದು ತಾಗಿಲ್ಲ. ಅಂಗಡಿಯ ಹುಳುಮದ್ದು ಆಲ್ಬೆಂಡಜೋಲ್‌ಗೂ ಇದೇ ಪರೀಕ್ಷೆ. ಅದಕ್ಕೂ ಬಗ್ಗದ ಹುಳುಗಳಿವೆ.