ಇಟೆವಾನ್ ಗಲ್ಲಿ: 3.2 ಮೀಟರ್ ಇಕ್ಕಟ್ಟಿನ ಹಿಂದೆ

ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಇಟೆವಾನ್ ಪೇಟೆಯಲ್ಲಿ, ಹ್ಯಾಮಿಲ್ಟನ್ ಹೋಟೆಲಿನ ಪಶ್ಚಿಮದ ಗೋಡೆಗೆ ಹೊಂದಿಕೊಂಡು ಸುಮಾರು 40 ಮೀಟರ್ ಉದ್ದದ ಒಂದು ಇಳಿಜಾರು ಗಲ್ಲಿಯಿದೆ. ತೀರಾ ಕಿರಿದಾದ ಕಡೆ ಅದರ ಅಗಲ 3.2 ಮೀಟರ್. 2022ರ ಅಕ್ಟೋಬರ್ 29ರ ಶನಿವಾರ ರಾತ್ರಿ ಹ್ಯಾಲೋವೀನ್ ಸಂಭ್ರಮಕ್ಕೆಂದು ಬಂದವರು ಇಲ್ಲಿ ಸಿಲುಕಿ ಸತ್ತರು. ಬದುಕುಳಿದು ಕೆಲವು ವಾರಗಳ ಬಳಿಕ ತೀರಿಕೊಂಡ ಒಬ್ಬ ವಿದ್ಯಾರ್ಥಿಯೂ ಸೇರಿ ಮೃತರ ಅಧಿಕೃತ ಸಂಖ್ಯೆ 159. ಅವರಲ್ಲಿ 26 ಮಂದಿ ವಿದೇಶೀಯರು.

ಪಕ್ಕದಲ್ಲೇ ಇದ್ದ ಅಮೆರಿಕದ ಯೋಂಗ್‌ಸಾನ್ ಸೇನಾನೆಲೆಯ ಸೈನಿಕರನ್ನು ನೆಚ್ಚಿಕೊಂಡು ಬೆಳೆದ ಪೇಟೆ ಇದು. ದರ್ಜಿಗಳು, ಚರ್ಮದ ಸಾಮಾನಿನ ಅಂಗಡಿಗಳು, ಬಾರ್‌ಗಳು ಒಂದರ ಬೆನ್ನಿಗೆ ಒಂದು ಬಂದವು. 1997ರಲ್ಲಿ ಇದು ವಿಶೇಷ ಪ್ರವಾಸಿ ವಲಯವಾಯಿತು. ಗಲ್ಲಿಯ ಕೆಳತುದಿಯಲ್ಲಿ ಮುಖ್ಯರಸ್ತೆ, ಅಲ್ಲೇ ಮೆಟ್ರೋ ನಿಲ್ದಾಣದ 1ನೇ ದ್ವಾರ. ಮೇಲ್ತುದಿಯಲ್ಲಿ ಹೋಟೆಲುಗಳೂ ಕ್ಲಬ್ಬುಗಳೂ ತುಂಬಿರುವ ಆಹಾರ ಬೀದಿ. ಮೆಟ್ರೋ ಇಳಿದವರು ಹತ್ತುವುದೂ ಮನೆಗೆ ಹೊರಟವರು ಇಳಿಯುವುದೂ ಇದೇ ದಾರಿಯಲ್ಲಿ. ಕೋವಿಡ್ ನಿರ್ಬಂಧಗಳು ಬಹುತೇಕ ತೆರವಾದ ಮೇಲೆ ಬಂದ ಮೊದಲ ಹ್ಯಾಲೋವೀನ್ ಅದಾಗಿದ್ದುದರಿಂದ ಆ ರಾತ್ರಿ ಪೇಟೆಗೆ ಲಕ್ಷದಷ್ಟು ಜನ ಸೇರಿದ್ದರು.

ಕೊರಿಯಾದ ಕಟ್ಟಡ ಕಾಯ್ದೆಯ ಪ್ರಕಾರ ರಸ್ತೆ ಎನಿಸಿಕೊಳ್ಳಲು ಕನಿಷ್ಠ 4 ಮೀಟರ್ ಅಗಲ ಇರಬೇಕು. ಇಲ್ಲಿ ಅಷ್ಟು ಜಾಗ ಉಳಿದಿರಲಿಲ್ಲ. ಗಲ್ಲಿಯ ಕಡೆಗೆ ಹೋಟೆಲ್ ಒಂದು ಕಬ್ಬಿಣದ ಅಡ್ಡಗೋಡೆ ನಿಲ್ಲಿಸಿತ್ತು. ಹಿಂಬದಿಯ ಆಹಾರ ಬೀದಿಯತ್ತ ಅನುಮತಿಯಿಲ್ಲದೆ ಕಟ್ಟಡ ಚಾಚಿತ್ತು. ಹೋಟೆಲಿನ ಅಕ್ರಮ ಭಾಗಗಳು ಸ್ಥಳೀಯ ಆಡಳಿತಕ್ಕೆ ಗೊತ್ತಿಲ್ಲದ ಸಂಗತಿಯೇನಲ್ಲ. ತೆರವು ಮಾಡದಿದ್ದರೆ ದಂಡ ಕಟ್ಟಬೇಕೆಂಬ ನಿಯಮವಿತ್ತು, ಹೋಟೆಲ್ ವರ್ಷವರ್ಷವೂ ದಂಡ ಕಟ್ಟಿತು, ಕಟ್ಟಡ ಹಾಗೆಯೇ ನಿಂತಿತು. ಒಡೆಯುವುದಕ್ಕಿಂತ ದಂಡವೇ ಅಗ್ಗವಾದಾಗ ಅದು ಶಿಕ್ಷೆಯಾಗಿ ಉಳಿಯದೆ ಬಾಡಿಗೆಯಾಗಿಬಿಡುತ್ತದೆ. ದುರಂತದ ಬಳಿಕ, 2023ರ ನವೆಂಬರ್‌ನಲ್ಲಿ ನ್ಯಾಯಾಲಯವು ಹಿಂಬದಿಯ ಅಕ್ರಮ ಕಟ್ಟಡಕ್ಕಾಗಿ ಹೋಟೆಲಿನ ಮುಖ್ಯಸ್ಥರಿಗೆ 80 ಲಕ್ಷ ವೋನ್, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 5 ಲಕ್ಷ ರೂಪಾಯಿ ದಂಡ ವಿಧಿಸಿತು. ಅಡ್ಡಗೋಡೆಯ ಆರೋಪದಿಂದ ಅವರನ್ನು ಬಿಡುಗಡೆ ಮಾಡಿತು.

ಅಂದು ಯಾರೂ ಗಾಬರಿಯಿಂದ ಓಡಿರಲಿಲ್ಲ, ಓಡುವಷ್ಟು ಜಾಗವೇ ಇರಲಿಲ್ಲ. ಒಂದು ಚದರ ಮೀಟರಿನಲ್ಲಿ ಏಳೆಂಟು ಜನ ನಿಂತರೆ ಯಾರ ಕಾಲೂ ಅವರ ಮಾತು ಕೇಳುವುದಿಲ್ಲ. ಇಡೀ ಗುಂಪು ನೀರಿನಂತೆ ಅತ್ತಿತ್ತ ತೊನೆಯುತ್ತದೆ. ಪೊಲೀಸ್ ತನಿಖೆಯ ಅಂದಾಜಿನಂತೆ ರಾತ್ರಿ 10.25ರ ಹೊತ್ತಿಗೆ ಅಲ್ಲಿ ಚದರ ಮೀಟರಿಗೆ ಹತ್ತರಷ್ಟು ಜನರಿದ್ದರು. ಎದೆಗೂಡು ಹಿಗ್ಗಲಾಗದೆ ಎಷ್ಟೋ ಜನ ನಿಂತಲ್ಲೇ ಉಸಿರುಗಟ್ಟಿದರು. ಇಳಿಜಾರಿನ ಮೇಲಿದ್ದವರಿಗೆ ಕೆಳಗೆ ಜನ ಬಿದ್ದದ್ದು ಕಾಣಿಸದೆ, ಅವರ ಭಾರವೂ ಬಿದ್ದವರ ಮೇಲೆಯೇ ಬಂತು.

ಮುನ್ಸೂಚನೆ ಇರಲಿಲ್ಲ ಎನ್ನುವಂತಿಲ್ಲ. ಸಂಜೆ 6.34ಕ್ಕೇ ಒಬ್ಬರು ಪೊಲೀಸರಿಗೆ ಕರೆ ಮಾಡಿ, ಹೋಟೆಲ್ ಪಕ್ಕದ ಗಲ್ಲಿಯಲ್ಲಿ ಹತ್ತುವವರೂ ಇಳಿಯುವವರೂ ಸಿಕ್ಕಿಹಾಕಿಕೊಂಡಿದ್ದಾರೆ, ಜನ ಅಪ್ಪಚ್ಚಿಯಾಗಿ ಸಾಯಬಹುದು, ಯಾರಾದರೂ ನಿಯಂತ್ರಿಸಬೇಕು ಎಂದು ಎಚ್ಚರಿಸಿದ್ದರು. ದುರಂತಕ್ಕೆ ಮುಂಚೆ ಇಂಥ 11 ಕರೆಗಳು ಬಂದಿದ್ದವು. ಪೊಲೀಸರು ಸ್ಥಳಕ್ಕೆ ಹೋದದ್ದು ನಾಲ್ಕು ಕರೆಗಳಿಗೆ ಮಾತ್ರ. ಪೇಟೆಗೆ ನಿಯೋಜಿಸಿದ್ದ 137 ಪೊಲೀಸರ ಪೈಕಿ ಹಲವರಿಗೆ ವಹಿಸಿದ್ದುದು ಮಾದಕ ವಸ್ತುಗಳಂಥ ಅಪರಾಧಗಳ ಮೇಲಿನ ನಿಗಾ.

ಕಾನೂನಿನಲ್ಲೂ ಒಂದು ಕಂದಕವಿತ್ತು. ಸುರಕ್ಷತಾ ಯೋಜನೆ ಸಲ್ಲಿಸಬೇಕಾದವರು ಉತ್ಸವದ ಆಯೋಜಕರು. ಆದರೆ ಇಟೆವಾನ್ ಹ್ಯಾಲೋವೀನಿಗೆ ಆಯೋಜಕರೇ ಇರಲಿಲ್ಲ, ಜನ ತಾವಾಗಿಯೇ ಬರುತ್ತಿದ್ದರು. ಆಯೋಜಕರಿಲ್ಲದ ಜನಸಂದಣಿಯ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ವಹಿಸುವ ತಿದ್ದುಪಡಿಗೆ ಸಂಸತ್ತು ಒಪ್ಪಿಗೆ ಕೊಟ್ಟದ್ದು 2023ರ ಡಿಸೆಂಬರ್‌ನಲ್ಲಿ. ಸ್ವತಂತ್ರ ತನಿಖೆಗಾಗಿ ಮೃತರ ಕುಟುಂಬಗಳು ಒತ್ತಾಯಿಸಿದ್ದ ವಿಶೇಷ ಮಸೂದೆಯನ್ನು ಅಂದಿನ ಅಧ್ಯಕ್ಷ ಯೂನ್ ಸುಕ್ ಯೋಲ್ 2024ರ ಜನವರಿಯಲ್ಲಿ ತಿರಸ್ಕರಿಸಿದರು. ಕೆಲವು ಬದಲಾವಣೆಗಳೊಂದಿಗೆ ಅದು ಅದೇ ವರ್ಷ ಮೇನಲ್ಲಿ ಅಂಗೀಕಾರವಾಯಿತು.

2024ರ ಸೆಪ್ಟೆಂಬರ್ 30ರಂದು ಸೋಲ್‌ನ ನ್ಯಾಯಾಲಯವು ಇಟೆವಾನ್ ಸೇರಿರುವ ಯೋಂಗ್‌ಸಾನ್ ಜಿಲ್ಲೆಯ ಪೊಲೀಸ್ ಠಾಣೆಯ ಅಂದಿನ ಮುಖ್ಯಸ್ಥರಿಗೆ ಮೂರು ವರ್ಷ ಜೈಲುಶಿಕ್ಷೆ ವಿಧಿಸಿತು. ಅದೇ ದಿನ ಯೋಂಗ್‌ಸಾನ್ ಸ್ಥಳೀಯ ಆಡಳಿತದ ಮುಖ್ಯಸ್ಥೆ ಖುಲಾಸೆಯಾದರು. ಜನರನ್ನು ತಡೆಯುವ ಅಥವಾ ಚದುರಿಸುವ ನಿರ್ದಿಷ್ಟ ಅಧಿಕಾರವನ್ನು ಅಂದಿನ ಕಾನೂನು ಅವರ ಕಚೇರಿಗೆ ಕೊಟ್ಟಿರಲಿಲ್ಲ ಎಂಬುದು ನ್ಯಾಯಾಲಯ ಕೊಟ್ಟ ಕಾರಣ.