ಕೊನೆಯ ಸಾಲಿನ ಕ್ಯಾಮೆರಾ

ಕಿಸೆಯಲ್ಲಿ ಫೋನ್ ಇರುವಾಗ ಕ್ಯಾಮ್‌ಕಾರ್ಡರ್ ಯಾಕೆ ಸರ್ ಎಂದು ಈಗ ಅಂಗಡಿಯವರೇ ಕೇಳುತ್ತಾರೆ. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಅಂಬೆಗಾಲಿಡುವ ಮಗು, ಹೋಳಿಗೆ ತಟ್ಟುವ ಅಜ್ಜಿ, ಕಿಟಕಿಯ ಬೆಕ್ಕು, ಹೀಗೆ ಮನೆಯೊಳಗಿನ ಯಾವುದಕ್ಕೂ ಫೋನ್ ಸಾಕು. ಸಾಕೇನು, ಫೋನೇ ಮೇಲು. ಆದರೆ ಶಾಲೆಯ ವಾರ್ಷಿಕೋತ್ಸವದ ದಿನ ಪ್ಲಾಸ್ಟಿಕ್ ಕುರ್ಚಿಗಳ ಕೊನೆಯ ಸಾಲಿನ ಹಿಂದೆ ನಿಂತು, ವೇದಿಕೆ ಮೇಲೆ ಒಂದೇ ಬಣ್ಣದ ಬಟ್ಟೆ ತೊಟ್ಟ ಮಕ್ಕಳ ಗುಂಪಿನಲ್ಲಿ ನಮ್ಮದು ಯಾವುದೆಂದು ಫೋನ್ ಪರದೆಯಲ್ಲಿ ಹುಡುಕಿದವರಿಗೆ ಅಂಗಡಿಯವನ ಪ್ರಶ್ನೆಗೆ ಉತ್ತರ ಗೊತ್ತಿರುತ್ತದೆ.

ಕ್ಯಾಮ್‌ಕಾರ್ಡರ್ ಬೇಕೋ ಬೇಡವೋ, ಬೇಕಿದ್ದರೆ ಯಾವುದು ಎಂಬುದನ್ನು ಮೆಗಾಪಿಕ್ಸೆಲ್ ನೋಡಿ ತೀರ್ಮಾನಿಸಲು ಆಗುವುದಿಲ್ಲ. ನೀವು ತೆಗೆಯಬೇಕಾದದ್ದು ನಿಮ್ಮಿಂದ ಎಷ್ಟು ಮೀಟರ್ ದೂರ ಇರುತ್ತದೆ, ಎಷ್ಟು ಹೊತ್ತು ನಡೆಯುತ್ತದೆ ಎಂಬ ಎರಡನ್ನು ಮೊದಲು ಲೆಕ್ಕ ಹಾಕಿಕೊಳ್ಳಬೇಕು. ಉಳಿದದ್ದೆಲ್ಲ ಆಮೇಲಿನ ಮಾತು.

ದೂರದ ಲೆಕ್ಕ ಸುಲಭ. ಒಂದು ನಿಜವಾದ ಉಪಕರಣವನ್ನೇ ಇಟ್ಟುಕೊಂಡು ನೋಡೋಣ. ಸೋನಿ ಕಂಪನಿಯ ಎಚ್‌ಡಿಆರ್-ಸಿಎಕ್ಸ್405 ಎಂಬ ಪುಟ್ಟ ಹ್ಯಾಂಡಿಕ್ಯಾಮ್ 2015ರಲ್ಲಿ ಬಂತು. ತೂಕ 200 ಗ್ರಾಂ ಆಸುಪಾಸು, ಆಪ್ಟಿಕಲ್ ಜೂಮ್, ಅಂದರೆ ಲೆನ್ಸಿನ ಗಾಜುಗಳೇ ಸರಿದು ಹಿಗ್ಗಿಸುವ ಜೂಮ್, 30 ಪಟ್ಟು. ಹಳೆಯ 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಅಳತೆಯಲ್ಲಿ ಹೇಳುವುದಾದರೆ ಅದರ ಲೆನ್ಸಿನ ಸಂಗಮ ದೂರ (ಇದು ಹೆಚ್ಚಿದಷ್ಟೂ ದೃಶ್ಯ ಹತ್ತಿರ ಬರುತ್ತದೆ) 26.8ರಿಂದ 804 ಮಿ.ಮೀ.ವರೆಗೆ ಹೋಗುತ್ತದೆ. ಆ ಫಿಲ್ಮಿನ ಅಗಲ 36 ಮಿ.ಮೀ. ಈ 36ನ್ನು ಲೆನ್ಸಿನ ಸಂಖ್ಯೆಯಿಂದ ಭಾಗಿಸಿ ದೂರದಿಂದ ಗುಣಿಸಿದರೆ, ಚೌಕಟ್ಟಿನೊಳಗೆ ಎಷ್ಟು ಅಗಲದ ದೃಶ್ಯ ಬರುತ್ತದೆಂದು ಗೊತ್ತಾಗುತ್ತದೆ. ವೇದಿಕೆ 20 ಮೀಟರ್ ದೂರ ಇದೆ ಎನ್ನಿ. ಜೂಮ್ ಮಾಡದೆ ಇದ್ದರೆ ಸುಮಾರು 27 ಮೀಟರ್ ಅಗಲದ ದೃಶ್ಯ ಸಿಗುತ್ತದೆ. ವೇದಿಕೆ ಮಾತ್ರವಲ್ಲ, ಅಕ್ಕಪಕ್ಕದ ಗೋಡೆ, ಮುಂದಿನ ಸಾಲಿನವರು ಎತ್ತಿ ಹಿಡಿದ ಫೋನುಗಳು ಎಲ್ಲವೂ ಅದರಲ್ಲಿರುತ್ತವೆ. ಒಂದು ಮಗು ಚೌಕಟ್ಟಿನ ತುಂಬ ಕಾಣಬೇಕಾದರೆ 2 ಮೀಟರ್ ಅಗಲ ಸಾಕು. ಅದಕ್ಕೆ 360 ಮಿ.ಮೀ. ಬೇಕು. ಅಂದರೆ 13-14 ಪಟ್ಟು ಜೂಮ್. ಡಬ್ಬದ ಮೇಲೆ 30 ಪಟ್ಟು, 50 ಪಟ್ಟು ಎಂದು ದೊಡ್ಡದಾಗಿ ಅಚ್ಚು ಹಾಕಿದ್ದರೂ ಶಾಲೆಯ ಮೈದಾನಕ್ಕೆ 20 ಪಟ್ಟು ಧಾರಾಳವಾಯಿತು. 5 ಪಟ್ಟು ಜೂಮ್ ಇರುವ ದುಬಾರಿ ಫೋನಿನ ದೂರದ ಲೆನ್ಸು ಸುಮಾರು 120 ಮಿ.ಮೀ. ಅದರಲ್ಲಿ ಅದೇ ವೇದಿಕೆಯ 6 ಮೀಟರ್ ಕಾಣುತ್ತದೆ. ಗುಂಪಿನ ಕುಣಿತಕ್ಕೆ ಅಡ್ಡಿಯಿಲ್ಲ, ಒಂದು ಮುಖ ನೋಡಲು ಸಾಲದು.

ಇಲ್ಲಿ ಒಂದು ತಕರಾರು ಬರುತ್ತದೆ. ಈ ಪುಟ್ಟ ಕ್ಯಾಮ್‌ಕಾರ್ಡರಿನ ಸೆನ್ಸರ್, ಅಂದರೆ ಬೆಳಕನ್ನು ಚಿತ್ರವಾಗಿಸುವ ಚಿಪ್, ತೀರಾ ಚಿಕ್ಕದು. ಕರ್ಣ 3 ಮಿ.ಮೀ. ಚಿಲ್ಲರೆ, ಹೆಚ್ಚುಕಮ್ಮಿ ಒಂದು ಎಳ್ಳುಕಾಳು. ಒಳ್ಳೆಯ ಫೋನಿನ ಮುಖ್ಯ ಕ್ಯಾಮೆರಾದ ಸೆನ್ಸರ್ ಅದಕ್ಕಿಂತ ಎಷ್ಟೋ ದೊಡ್ಡದು. ದೊಡ್ಡ ಸೆನ್ಸರ್ ಇದ್ದರೆ ಚಿತ್ರ ಚೆನ್ನ ಎಂದು ಎಲ್ಲರೂ ಹೇಳುತ್ತಾರಲ್ಲ, ಹಾಗಾದರೆ ಇದನ್ನು ಯಾಕೆ ಕೊಳ್ಳಬೇಕು?

ದೂರದಲ್ಲಿರುವ ಒಂದು ಮುಖದಿಂದ ಹೊರಟ ಬೆಳಕಿನಲ್ಲಿ ಕ್ಯಾಮೆರಾ ಎಷ್ಟನ್ನು ಹಿಡಿಯುತ್ತದೆ ಎಂಬುದನ್ನು ನಿರ್ಧರಿಸುವುದು ಸೆನ್ಸರ್ ಅಲ್ಲ, ಬೆಳಕು ಒಳಗೆ ಬರುವ ಬಾಯಿಯ ಅಗಲ. ಕಾವಲೂರಿನ ವೈನು ಬಾಪು ದೂರದರ್ಶಕದ ಕನ್ನಡಿ 2.34 ಮೀಟರ್ ಅಗಲ ಇರುವುದು ಇದೇ ಕಾರಣಕ್ಕೆ. ಕ್ಯಾಮೆರಾದಲ್ಲಿ ಈ ಅಗಲ ತಿಳಿಯಲು ಲೆನ್ಸಿನ ನಿಜವಾದ ಸಂಗಮ ದೂರವನ್ನು ಎಫ್ ಸಂಖ್ಯೆಯಿಂದ ಭಾಗಿಸಿದರಾಯಿತು. ಸಿಎಕ್ಸ್405ರ ನಿಜವಾದ ಸಂಗಮ ದೂರ 1.9ರಿಂದ 57 ಮಿ.ಮೀ., ಎಫ್ ಸಂಖ್ಯೆ 1.8ರಿಂದ 4. ಪೂರ್ತಿ ಜೂಮಿನಲ್ಲಿ 57 ಭಾಗಿಸು 4, ಅಂದರೆ 14 ಮಿ.ಮೀ. ಅಗಲದ ಬಾಯಿ. ಫೋನಿನ ಮುಖ್ಯ ಲೆನ್ಸು ಸುಮಾರು 6 ಮಿ.ಮೀ. ಸಂಗಮ ದೂರದ್ದು, ಎಫ್ 1.8, ಬಾಯಿ 3.3 ಮಿ.ಮೀ. ವಿಸ್ತೀರ್ಣಕ್ಕೆ ತಿರುಗಿಸಿದರೆ ಕ್ಯಾಮ್‌ಕಾರ್ಡರ್ 18 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ಫೋನಿನಲ್ಲಿ ಬೆರಳಿನಿಂದ ಹಿಗ್ಗಿಸಿದ ಮುಖ ಬಣ್ಣ ಮೆತ್ತಿದಂತೆ ಕಾಣುವುದೇಕೆಂದು ಈಗ ತಿಳಿಯುತ್ತದೆ. ಅಲ್ಲಿಗೆ ತಲುಪಿದ ಬೆಳಕೇ ಅಷ್ಟು. ಉಳಿದದ್ದನ್ನು ಸಾಫ್ಟ್‌ವೇರ್ ಊಹಿಸಿ ಬರೆದಿರುತ್ತದೆ.

ಈಗ ಜೂಮ್ ಹಿಂದಕ್ಕೆ ತನ್ನಿ. 1.9 ಭಾಗಿಸು 1.8: ಬಾಯಿ ಬರೀ 1 ಮಿ.ಮೀ. ಚಿಲ್ಲರೆ. ಫೋನಿನದು ಅದೇ 3.3. ಹತ್ತಿರದ ದೃಶ್ಯದಲ್ಲಿ ಫೋನ್ ಸುಮಾರು 10 ಪಟ್ಟು ಹೆಚ್ಚು ಬೆಳಕು ಹಿಡಿಯುತ್ತದೆ. ದೇವರ ಮನೆಯ ದೀಪದ ಬೆಳಕಿನಲ್ಲಿ ಅದೇ ಕ್ಯಾಮ್‌ಕಾರ್ಡರ್ ಮಂಕು ಮಂಕಾಗಿ, ಬಣ್ಣದ ಕಾಳುಕಾಳಾಗಿ ತೆಗೆಯುತ್ತದೆ. ಫೋನ್ ನೋಡಿದರೆ ಅದೇ ಕೋಣೆಯನ್ನು ಹಗಲು ಮಾಡಿ ತೋರಿಸುತ್ತದೆ. ಒಂದೇ ಯಂತ್ರ ದೂರಕ್ಕೆ ಗೆದ್ದು ಹತ್ತಿರಕ್ಕೆ ಸೋಲುತ್ತದೆ. ಇದನ್ನು ಅಂಗಡಿಯ ಫಲಕದಲ್ಲಿ ಯಾರೂ ಬರೆಯುವುದಿಲ್ಲ.

ದೊಡ್ಡ ಸೆನ್ಸರನ್ನೇ ಹಾಕಬಹುದಿತ್ತಲ್ಲ ಎಂದರೆ, ಪೂರ್ತಿ 35 ಮಿ.ಮೀ. ಅಳತೆಯ ಸೆನ್ಸರಿಗೆ 804 ಮಿ.ಮೀ. ಲೆನ್ಸು, ಎಫ್ 4 ಬೇಕಾದರೆ ಗಾಜಿನ ಅಗಲವೇ 20 ಸೆಂ.ಮೀ. ಆಗುತ್ತದೆ. ಅಂಗೈಯಲ್ಲಿ ಹಿಡಿಯುವ ಮಾತೇ ಇಲ್ಲ. ನಡುವಿನ ದಾರಿಯೊಂದಿದೆ. ಅದೇ ಕಂಪನಿಯ 2016ರ ಎಫ್‌ಡಿಆರ್-ಎಎಕ್ಸ್53ರಲ್ಲಿ 7 ಮಿ.ಮೀ. ಕರ್ಣದ ಸೆನ್ಸರ್, 20 ಪಟ್ಟು ಜೂಮ್, 4ಕೆ (ಫುಲ್ ಎಚ್‌ಡಿಯ ನಾಲ್ಕು ಪಟ್ಟು ಬಿಂದುಗಳಿರುವ ವಿಡಿಯೊ). ಬೆಳಕು ಹಿಡಿಯುವ ಬಾಯಿ ಹತ್ತಿರಕ್ಕೆ 2.2 ಮಿ.ಮೀ., ದೂರಕ್ಕೆ 23 ಮಿ.ಮೀ. ಎರಡೂ ಕಡೆ ಸುಧಾರಣೆ. ಆದರೆ ತೂಕ ಅರ್ಧ ಕಿಲೋ ದಾಟುತ್ತದೆ, ಬೆಲೆಯೂ ಅದೇ ದಾರಿ ಹಿಡಿಯುತ್ತದೆ. ದುಡ್ಡಿಗೆ ತೊಂದರೆ ಇಲ್ಲದವರಿಗೆ ನನ್ನ ಮತ ಈ ವರ್ಗಕ್ಕೆ. ಹಾಗೆಂದು ಅರ್ಧ ಕಿಲೋ ಹೊರಲು ಬೇಸರವೆಂದು ಬೀರುವಿನಲ್ಲಿ ಉಳಿಯುವ 4ಕೆಗಿಂತ ಚೀಲದಲ್ಲಿ ಬರುವ ಫುಲ್ ಎಚ್‌ಡಿ ವಾಸಿ.

ಮನೆಬಳಕೆಯ ಕ್ಯಾಮ್‌ಕಾರ್ಡರ್ ಹುಟ್ಟಿದಾಗಿನಿಂದ ಈ ತೂಕದ ಜಗ್ಗಾಟ ಇದ್ದದ್ದೇ. 1983ರ ಸೋನಿ ಬೀಟಾಮೂವಿ ಹೆಗಲ ಮೇಲೆ ಹೊರುವ ಯಂತ್ರ. ತೆಗೆದದ್ದನ್ನು ಅದರಲ್ಲೇ ಹಾಕಿ ನೋಡಲೂ ಆಗುತ್ತಿರಲಿಲ್ಲ, ಕ್ಯಾಸೆಟ್ ತೆಗೆದು ಮನೆಯ ಪ್ಲೇಯರಿಗೆ ಹಾಕಬೇಕಿತ್ತು. 1989ರಲ್ಲಿ ಬಂದ ಸಿಸಿಡಿ-ಟಿಆರ್55ರ ತೂಕ 790 ಗ್ರಾಂ. ಪಾಸ್‌ಪೋರ್ಟ್ ಗಾತ್ರದ್ದೆಂದು ಜಾಹೀರಾತು ಮಾಡಿದರು. ಈಗ 200 ಗ್ರಾಮಿಗೆ ಇಳಿದಿದೆ.

ಹಗುರವಾದದ್ದಕ್ಕೆ ಒಂದು ದಂಡವೂ ಇದೆ, ಅದು ನಡುಕ. ಎಷ್ಟೇ ಗಟ್ಟಿಯಾಗಿ ಹಿಡಿದರೂ ಕೈ ಸಣ್ಣಗೆ ಅಲುಗುತ್ತಲೇ ಇರುತ್ತದೆ. ಕ್ಯಾಮೆರಾ ಒಂದು ಡಿಗ್ರಿಯ ಹತ್ತನೇ ಒಂದು ಭಾಗದಷ್ಟು ವಾಲಿತು ಎಂದುಕೊಳ್ಳಿ. ಜೂಮ್ ಇಲ್ಲದಾಗ 1920 ಬಿಂದುಗಳ ಅಗಲದ ಚಿತ್ರ ಎರಡು-ಮೂರು ಬಿಂದು ಸರಿಯುತ್ತದೆ, ಕಣ್ಣಿಗೆ ಗೊತ್ತೂ ಆಗುವುದಿಲ್ಲ. 30 ಪಟ್ಟು ಜೂಮಿನಲ್ಲಿ ಅಷ್ಟೇ ವಾಲಿದರೆ 75 ಬಿಂದು ಜಿಗಿಯುತ್ತದೆ. ಅದಕ್ಕೇ ಸ್ಥಿರತೆಯ ವ್ಯವಸ್ಥೆ ಯಾವ ಬಗೆಯದು ಎಂದು ಕೇಳಬೇಕು. ಆಪ್ಟಿಕಲ್ ಆದರೆ ಗೈರೊ ಸಂವೇದಕ ಅಲುಗಾಟವನ್ನು ಗ್ರಹಿಸಿದ ಕೂಡಲೇ ಲೆನ್ಸಿನ ಒಂದು ಗಾಜು ಎದುರು ದಿಕ್ಕಿಗೆ ಸರಿಯುತ್ತದೆ. ಎಎಕ್ಸ್53ರಂಥವುಗಳಲ್ಲಿ ಇಡೀ ಲೆನ್ಸಿನ ಭಾಗವೇ ತೇಲುತ್ತದೆ. ಎಲೆಕ್ಟ್ರಾನಿಕ್ ಆದರೆ ಚಿತ್ರದ ಅಂಚನ್ನು ಕತ್ತರಿಸಿ ಸರಿದೂಗಿಸುತ್ತಾರೆ, ಸ್ಪಷ್ಟತೆ ಅಷ್ಟು ಹೋಯಿತು. ಯಾವುದೇ ಇರಲಿ, 15 ಪಟ್ಟು ದಾಟಿದ ಮೇಲೆ ಮೂರು ಕಾಲಿನ ಸ್ಟ್ಯಾಂಡ್ ಬೇಕೇ ಬೇಕು. ಅದು ಸಿಗದಿದ್ದರೆ ಮುಂದಿನ ಕುರ್ಚಿಯ ಬೆನ್ನಿಗೆ ಮೊಣಕೈ ಊರಿ.

ಆನ್‌ಲೈನ್ ಅಂಗಡಿಗಳಲ್ಲಿ ಐದಾರು ಸಾವಿರಕ್ಕೆ ಸಿಗುವ '4ಕೆ, 48 ಮೆಗಾಪಿಕ್ಸೆಲ್, 18 ಪಟ್ಟು ಜೂಮ್' ಕ್ಯಾಮ್‌ಕಾರ್ಡರುಗಳ ಬಗ್ಗೆ ಎಚ್ಚರ. ಅವುಗಳಲ್ಲಿ ಬಹುಪಾಲಿನ ಜೂಮ್ ಡಿಜಿಟಲ್. ಫೋನಿನಲ್ಲಿ ಬೆರಳಿನಿಂದ ಹಿಗ್ಗಿಸಿದ್ದೇ ಇದು, ಆಕಾರ ಮಾತ್ರ ಹ್ಯಾಂಡಿಕ್ಯಾಮಿನದು. ಕಂಡುಹಿಡಿಯುವ ಉಪಾಯ ಲೆನ್ಸಿನ ಸುತ್ತಲಿನ ಬರಹದಲ್ಲೇ ಇದೆ. ನಿಜವಾದ ಜೂಮ್ ಲೆನ್ಸಿನ ಮೇಲೆ 1.9-57 ಎಂಬಂತೆ ಎರಡು ಸಂಖ್ಯೆ ಇರುತ್ತದೆ. ಒಂದೇ ಸಂಖ್ಯೆ ಇದ್ದರೆ ಆ ಲೆನ್ಸು ಎಲ್ಲಿಗೂ ಸರಿಯುವುದಿಲ್ಲ. ಇನ್ನು 48 ಮೆಗಾಪಿಕ್ಸೆಲ್ ಎಂಬುದಕ್ಕೆ ವಿಡಿಯೊದಲ್ಲಿ ಕೆಲಸವೇ ಇಲ್ಲ: ಫುಲ್ ಎಚ್‌ಡಿಯ ಒಂದು ಚೌಕಟ್ಟಿಗೆ 2 ಮೆಗಾಪಿಕ್ಸೆಲ್ ಸಾಕು, 4ಕೆಗೆ 8.3.

ಹೊತ್ತಿನ ಲೆಕ್ಕಕ್ಕೆ ಬರೋಣ. ರಾತ್ರಿಯಿಡೀ ನಡೆಯುವ ಯಕ್ಷಗಾನ ಬಯಲಾಟ ಬೇಡ, ಮೂರು ಗಂಟೆಯ ಕಾಲಮಿತಿ ಪ್ರಸಂಗವನ್ನೇ ಫೋನಿನಲ್ಲಿ ಒಂದೇ ಸಮನೆ ತೆಗೆಯಲು ಹೋಗಿ ನೋಡಿ. ಬಿಸಿಯಾಗುತ್ತದೆ, ಬಿಸಿಯಾದಾಗ ಪರದೆ ಮಂಕಾಗುತ್ತದೆ, ಕೆಲವು ನಿಂತೇ ಬಿಡುತ್ತವೆ. ನಡುವೆ ಕರೆ ಬರುತ್ತದೆ. ಬ್ಯಾಟರಿ ಮುಗಿದರೆ ಮನೆಗೆ ಹೋಗಲು ಆಟೊ ಕರೆಯುವ ದಾರಿಯೂ ಮುಚ್ಚಿತು. ಕ್ಯಾಮ್‌ಕಾರ್ಡರಿನಲ್ಲಿ ಇನ್ನೊಂದು ಬ್ಯಾಟರಿ ಹಾಕಬಹುದು. ಕೊಳ್ಳುವಾಗಲೇ ಒಂದು ಹೆಚ್ಚಿಗೆ ತೆಗೆದುಕೊಳ್ಳಿ, ಮಾದರಿ ಹಳತಾದ ಮೇಲೆ ಅಸಲಿ ಬ್ಯಾಟರಿ ಸಿಗುವುದು ಕಷ್ಟ. ಸ್ಟಿಲ್ ಕ್ಯಾಮೆರಾಗಳಲ್ಲಿ ವಿಡಿಯೊ ತೆಗೆದರಾಗದೇ ಎನ್ನುವವರಿಗೆ ಒಂದು ತಮಾಷೆಯ ಸಂಗತಿ: ಅವುಗಳಲ್ಲಿ ಹಲವು 29 ನಿಮಿಷ 59 ಸೆಕೆಂಡಿಗೆ ತಾವಾಗಿಯೇ ನಿಲ್ಲುತ್ತಿದ್ದವು. ಒಂದೇ ಓಟಕ್ಕೆ 30 ನಿಮಿಷ ಚಿತ್ರೀಕರಿಸಬಲ್ಲದ್ದು ವಿಡಿಯೊ ಕ್ಯಾಮೆರಾ ಎಂದು ಯುರೋಪಿನ ಸುಂಕದವರು ಲೆಕ್ಕ ಹಿಡಿದು ಹೆಚ್ಚಿನ ತೆರಿಗೆ ಹಾಕುತ್ತಿದ್ದರು. ಅದನ್ನು ತಪ್ಪಿಸಿಕೊಳ್ಳಲು ಕಂಪನಿಗಳು ಒಂದು ಸೆಕೆಂಡ್ ಉಳಿಸಿದವು.

ಮೆಮೊರಿ ಕಾರ್ಡು: ಒಳ್ಳೆಯ ಗುಣಮಟ್ಟದ ಫುಲ್ ಎಚ್‌ಡಿ ಸೆಕೆಂಡಿಗೆ 24 ಮೆಗಾಬಿಟ್, ಅಂದರೆ 3 ಎಂಬಿ. ಗಂಟೆಗೆ 10.8 ಜಿಬಿ. 64 ಜಿಬಿ ಕಾರ್ಡಿನಲ್ಲಿ ಐದು ಗಂಟೆಯ ಮೇಲೆ ಹಿಡಿಯುತ್ತದೆ. 4ಕೆಯನ್ನು ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ತೆಗೆದರೆ ಅದೇ ಕಾರ್ಡು ಒಂದೂಕಾಲು ಗಂಟೆ ಚಿಲ್ಲರೆಗೆ ತುಂಬಿತು. ಕಾರ್ಡಿನ ಮೇಲೆ ಯು3 ಅಥವಾ ವಿ30 ಗುರುತಿದ್ದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವ ಖಾತರಿ ಇದೆ ಎಂದರ್ಥ. ಫುಲ್ ಎಚ್‌ಡಿಗೆ ಕ್ಲಾಸ್ 10 ಸಾಕು. ಉದ್ದದ ಚಿತ್ರೀಕರಣ ಕಾರ್ಡಿನಲ್ಲಿ ಹಲವು ತುಂಡುಗಳಾಗಿ ಕೂತಿರುತ್ತದೆ. ಕಂಪ್ಯೂಟರಿಗೆ ಹಾಕುವಾಗ ಬೇಕಾದದ್ದನ್ನು ಮಾತ್ರ ಆರಿಸದೆ ಇಡೀ ಫೋಲ್ಡರನ್ನೇ ನಕಲಿಸಿಕೊಳ್ಳಿ, ಇಲ್ಲವಾದರೆ ತುಂಡುಗಳ ಸಂಧಿಯಲ್ಲಿ ಚಿತ್ರ ಮುಗ್ಗರಿಸಬಹುದು.

ಧ್ವನಿಯ ವಿಷಯದಲ್ಲಿ ಎಲ್ಲ ಪುಟ್ಟ ಕ್ಯಾಮ್‌ಕಾರ್ಡರುಗಳೂ ಸೋಲುತ್ತವೆ. ಜೂಮ್ ಮಾಡಿದರೆ ಮುಖ ಹತ್ತಿರ ಬರುತ್ತದೆ, ಮಾತು ಬರುವುದಿಲ್ಲ. ಬಯಲಿನಲ್ಲಿ 2 ಮೀಟರ್ ದೂರದಲ್ಲಿ ಕೇಳುವ ದನಿಯ ತೀವ್ರತೆ 20 ಮೀಟರಿಗೆ ನೂರರಲ್ಲಿ ಒಂದು ಪಾಲಾಗಿರುತ್ತದೆ, ಆದರೆ ನಿಮ್ಮ ಪಕ್ಕದವರ ಹರಟೆ ಒಂದೇ ಮೀಟರಿನಲ್ಲಿದೆ. ಇದರ ಜತೆಗೆ ಸ್ವಯಂಚಾಲಿತ ಧ್ವನಿ ಮಟ್ಟದ ಕಾಟ. ಚೆಂಡೆಯ ಪೆಟ್ಟು ಬಿದ್ದ ತಕ್ಷಣ ಕ್ಯಾಮೆರಾ ಮಟ್ಟ ಇಳಿಸುತ್ತದೆ, ಭಾಗವತರ ಪದ ಅದರಲ್ಲಿ ಮುಳುಗುತ್ತದೆ; ಮತ್ತೆ ಮೇಲೇಳುವಷ್ಟರಲ್ಲಿ ಮುಂದಿನ ಪೆಟ್ಟು. ಹೊರಗಿನ ಮೈಕ್ ಸಿಕ್ಕಿಸುವ ಕಿಂಡಿ ಮತ್ತು ಧ್ವನಿ ಮಟ್ಟವನ್ನು ಕೈಯಿಂದ ಹೊಂದಿಸುವ ಅವಕಾಶ ಇರುವ ಮಾದರಿಗೆ ಸಂಗೀತ, ಆಟ ಇಷ್ಟಪಡುವವರು ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಅಗ್ಗದ ಮಾದರಿಗಳಲ್ಲಿ ಈ ಕಿಂಡಿ ಅನೇಕ ಸಲ ಇರುವುದಿಲ್ಲ.

ಅಂಗಡಿಗೆ ಹೋದಾಗ ನಿಮ್ಮದೇ ಕಾರ್ಡು ಒಯ್ಯಿರಿ. ಬೆಂಗಳೂರಿನ ಎಸ್‌ಪಿ ರೋಡೋ ನಿಮ್ಮೂರಿನ ಅಂಗಡಿಯೋ, ಬಾಗಿಲಲ್ಲಿ ನಿಂತು ರಸ್ತೆಯಾಚೆಯ ಬೋರ್ಡಿನ ಸಣ್ಣಕ್ಷರಕ್ಕೆ ಪೂರ್ತಿ ಜೂಮ್ ಹಾಕಿ ಹತ್ತು ಎಣಿಸುವವರೆಗೆ ಹಿಡಿಯಿರಿ. ಆಮೇಲೆ ತಿರುಗಿ ಕೌಂಟರ್ ಕೆಳಗಿನ ಕತ್ತಲ ಮೂಲೆಗೆ. ಜೂಮ್ ಗುಂಡಿಯನ್ನು ಮೆಲ್ಲಗೆ ಒತ್ತಿದರೆ ಮೆಲ್ಲಗೆ ಹೋಗುತ್ತದೆಯೇ ನೋಡಿ. ವೇದಿಕೆಯ ದೀಪದಲ್ಲಿ ಮುಖ ಸುಣ್ಣ ಬಳಿದಂತಾಗದಿರಲು ಬೆಳಕು ತಗ್ಗಿಸುವ ಆಯ್ಕೆ ಎಲ್ಲಿದೆಯೆಂದು ಕೇಳಿ ತಿಳಿದುಕೊಳ್ಳಿ. ಹಿನ್ನೆಲೆ ಕಪ್ಪಾಗಿದ್ದರೆ ಕ್ಯಾಮೆರಾ ಮೋಸಹೋಗಿ ಎಲ್ಲವನ್ನೂ ಬೆಳಗಿಸಲು ನೋಡುತ್ತದೆ. ತೆಗೆದದ್ದನ್ನು ಮನೆಯ ಟಿವಿಯಲ್ಲಿ ನೋಡಿ, ಮರುದಿನ ನಿರ್ಧರಿಸಿ.

ಅಮೆರಿಕದಲ್ಲಿರುವ ಮಗನೋ ಮಗಳೋ ಬರುವಾಗ ತರುತ್ತಾರೆಂದು ಕಾಯುತ್ತಿರುವವರಿಗೆ ಇನ್ನೊಂದು ವಿಷಯ. ನಮ್ಮ ವಿದ್ಯುತ್ತು 50 ಹರ್ಟ್ಸ್, ಅವರದು 60. ಹಳೆಯ ಚೋಕಿನ ಟ್ಯೂಬ್‌ಲೈಟು, ಕಳಪೆ ಎಲ್‌ಇಡಿ ಬಲ್ಬು ನಮ್ಮಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಲ್ಲಿ ಮಾರುವ ಕ್ಯಾಮ್‌ಕಾರ್ಡರ್ ಸೆಕೆಂಡಿಗೆ 60 ಸಲ ಚಿತ್ರ ಹಿಡಿಯುತ್ತದೆ. ಒಂದೊಂದು ಚಿತ್ರದ ಪಾಲಿಗೆ ಬರುವುದು ಒಂದು ಪೂರ್ತಿ ಮಿನುಗು ಮತ್ತು ಇನ್ನೊಂದರ ಮೂರನೇ ಎರಡು ಭಾಗ. ಆ ಮುರುಕು ಭಾಗ ಪ್ರತಿ ಚಿತ್ರದಲ್ಲೂ ಬೇರೆ ಜಾಗದಲ್ಲಿ ಬೀಳುವುದರಿಂದ ವಿಡಿಯೊ ಪಟಪಟ ಮಿಟುಕುತ್ತದೆ, ಪಟ್ಟೆಗಳೂ ಓಡಾಡುತ್ತವೆ. ನಮ್ಮಲ್ಲಿ ಮಾರುವ 50ರ ಮಾದರಿಗೆ ಒಂದು ಚಿತ್ರಕ್ಕೆ ಸರಿಯಾಗಿ ಎರಡು ಮಿನುಗು, ಹಾಗಾಗಿ ಈ ತೊಂದರೆ ಇಲ್ಲ. ಮನೆಬಳಕೆಯ ಬಹಳಷ್ಟು ಕ್ಯಾಮ್‌ಕಾರ್ಡರುಗಳಲ್ಲಿ 60ರಿಂದ 50ಕ್ಕೆ ಬದಲಾಯಿಸುವ ಆಯ್ಕೆ ಇರುವುದಿಲ್ಲ. ಈಗಾಗಲೇ ತಂದಾಗಿದ್ದರೆ ಶಟರ್ ವೇಗವನ್ನು, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಹಿಡಿಯುವ ಹೊತ್ತನ್ನು, ಸೆಕೆಂಡಿನ 1/100ಕ್ಕೆ ಕಟ್ಟಿಹಾಕಲು ಬರುತ್ತದೆಯೇ ನೋಡಿ. ಆಗ ಪ್ರತಿ ಚಿತ್ರಕ್ಕೂ ಸರಿಯಾಗಿ ಒಂದೊಂದು ಮಿನುಗು ಸಿಕ್ಕಿ ಮಿಟುಕಾಟ ನಿಲ್ಲುತ್ತದೆ, ಬೆಳಕು ಮಾತ್ರ ಒಂದಿಷ್ಟು ಕಡಿಮೆಯಾಗುತ್ತದೆ. ಆ ಆಯ್ಕೆಯೂ ಇಲ್ಲದಿದ್ದರೆ ಅದನ್ನು ಹಗಲಿನ ಕಾರ್ಯಕ್ರಮಗಳಿಗೆ ಇಟ್ಟುಕೊಳ್ಳಿ.