ಎಂಡೋಸಲ್ಫಾನ್: ಹೆಸರು ಗೊತ್ತು, ಒಳಗೇನಿದೆ?

ಕಾಸರಗೋಡಿನಲ್ಲಿ ಎಂಡೋಸಲ್ಫಾನ್ ಹೆಸರು ಕೇಳದವರಿಲ್ಲ. ಆದರೆ ಅದೇನು ಎಂದು ಕೇಳಿದರೆ ‘ಗೇರಿಗೆ ಬಿಡುತ್ತಿದ್ದ ಮದ್ದು’ ಎನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಇಲ್ಲಿನ ಮಕ್ಕಳಿಗಾದರೂ ಅದಕ್ಕಿಂತ ಜಾಸ್ತಿ ಗೊತ್ತಿರಬೇಕು.

ಇದು 1950ರ ದಶಕದಲ್ಲಿ ಮಾರುಕಟ್ಟೆಗೆ ಬಂದ ಕೀಟನಾಶಕ. ಇದರ ಒಂದು ಅಣುವಿನಲ್ಲಿ 9 ಕಾರ್ಬನ್, 6 ಹೈಡ್ರೋಜನ್, 6 ಕ್ಲೋರಿನ್, 3 ಆಮ್ಲಜನಕ, 1 ಗಂಧಕದ ಪರಮಾಣು ಇರುತ್ತವೆ. ಆಲ್ಫಾ, ಬೀಟಾ ಎಂದು ಎರಡು ರೂಪ. ಮಾರುತ್ತಿದ್ದ ಸರಕಿನಲ್ಲಿ ಆಲ್ಫಾ ನೂರಕ್ಕೆ ಸುಮಾರು 70 ಪಾಲು, ಉಳಿದದ್ದು ಬೀಟಾ.

ಕೊಲ್ಲುವುದು ಹೇಗೆ? ನರಗಳ ಓಟಕ್ಕೆ ಬ್ರೇಕ್ ಹಾಕುವ ‘ಗಾಬಾ’ ಎಂಬ ರಾಸಾಯನಿಕ ನಮ್ಮ ಮೈಯಲ್ಲಿದೆ. ಅದು ಕೆಲಸ ಮಾಡುವ ಬಾಗಿಲನ್ನೇ ಎಂಡೋಸಲ್ಫಾನ್ ಮುಚ್ಚುತ್ತದೆ. ನರಗಳು ಹದ ತಪ್ಪಿ ಕೆರಳುತ್ತವೆ. ನಡುಕ, ಅಪಸ್ಮಾರ, ವಿಷ ಹೆಚ್ಚಾದರೆ ಸಾವು. ಗಾಬಾ ಕೀಟಕ್ಕೂ ಇದೆ, ದನಕ್ಕೂ ಇದೆ, ಮನುಷ್ಯನಿಗೂ ಇದೆ. ಹಾಗಾಗಿ ಇದು ಕೀಟವನ್ನು ಮಾತ್ರ ಆರಿಸಿ ಕೊಲ್ಲುವ ಮದ್ದಲ್ಲ.

ಮಣ್ಣಿಗೆ ಬಿದ್ದ ಮೇಲೆ ಇದು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಬದಲಾಗುತ್ತದೆ. ವಿಷ ಕಡಿಮೆಯಾಯಿತು ಅಂದುಕೊಳ್ಳಬೇಡಿ. ಸಲ್ಫೇಟೂ ಅಷ್ಟೇ ವಿಷಕಾರಿ, ಮೇಲಾಗಿ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಎರಡೂ ಸೇರಿದ ಶೇಷ ಅರ್ಧಕ್ಕಿಳಿಯಲು 9 ತಿಂಗಳಿಂದ 6 ವರ್ಷ ಬೇಕೆಂಬ ಅಂದಾಜಿದೆ. ನೀರಿನಲ್ಲಿ ಕರಗುವುದು ಬಹಳ ಕಡಿಮೆ, ಕೊಬ್ಬಿನಲ್ಲಿ ಸೇರಿಕೊಳ್ಳುತ್ತದೆ.

ಈಗ ನಮ್ಮ ಗುಡ್ಡಗಳನ್ನು ನೆನೆಯಿರಿ. ಗೇರುತೋಟ ಮೇಲೆ, ಮನೆ, ಬಾವಿ, ತೋಡು, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಸುರಂಗ ಎಲ್ಲ ಕೆಳಗೆ. ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು ಕೇರಳ ಸರಕಾರದ ಪ್ಲಾಂಟೇಷನ್ ಕಾರ್ಪೊರೇಷನ್ನಿನ ತೋಟಗಳಿಗೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಇದನ್ನು ಸಿಂಪಡಿಸಲಾಯಿತು. ಜನರ ಮಧ್ಯೆ ಇದನ್ನು ಆಕಾಶದಿಂದ ಸುರಿಯಬಾರದಿತ್ತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅಸಹಜವಾದದ್ದನ್ನು ಗಮನಿಸಿ ದನಿಯೆತ್ತಿದರು. ಪತ್ರಕರ್ತ ಶ್ರೀಪಡ್ರೆ ಬರೆದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ನಡೆಸಿದ ಅಧ್ಯಯನದಲ್ಲಿ ಪಡ್ರೆಯ ಮಕ್ಕಳ ರಕ್ತದಲ್ಲೇ ಎಂಡೋಸಲ್ಫಾನ್ ಸಿಕ್ಕಿತು. ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂದೂ ಅದು ಹೇಳಿತು.

2011ರಲ್ಲಿ, ಬೇಗ ನಾಶವಾಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಇದು ಸೇರಿತು. ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲಿ ಇದರ ತಯಾರಿಕೆ, ಮಾರಾಟ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ 3 ತಿಂಗಳೊಳಗೆ ಕೊಡಿ ಎಂದು ಆದೇಶಿಸಿತು. 2022ರಲ್ಲೂ ಹೆಚ್ಚಿನವರ ಕೈಗೆ ಆ ಹಣ ತಲುಪಿರಲಿಲ್ಲ. ಕೇರಳ ಸರಕಾರವನ್ನು ಅದೇ ಕೋರ್ಟು ಮತ್ತೆ ಪ್ರಶ್ನಿಸಬೇಕಾಯಿತು.